ಅಕ್ಕ ಅರ್ಧಕ್ಕೆ ಬಿಟ್ಟುಹೋದ ಕಸೂತಿಯನ್ನು ನಾನು ಮುಗಿಸಿದ್ದೆ. ಈಗ ಅದನ್ನು ಬಿಚ್ಚಬೇಕೆ?

ಮಾಳಮಡ್ಡಿ ಮನೆ ಕೇಳಿದ್ದಾರೆ:

ನನಗೆ 57 ವರ್ಷ, ಧಾರವಾಡದಲ್ಲಿದ್ದೇನೆ. ನಮ್ಮ ಯಜಮಾನರು ಈ ವರ್ಷ ಜನವರಿಯಲ್ಲಿ ತೀರಿಕೊಂಡರು. ನಾನು ಅವರ ಎರಡನೆಯ ಹೆಂಡತಿ. ಮೊದಲನೆಯವರು 1993ರಲ್ಲಿ ಕಾಮಾಲೆಯಾಗಿ ಹದಿನೆಂಟೇ ದಿನಗಳಲ್ಲಿ ಹೋದರು. ಆಗ ಅವರ ಮಗಳಿಗೆ ಏಳು ವರ್ಷ. 1995ರ ವೈಶಾಖದಲ್ಲಿ ನಾನು ಈ ಮನೆಯ ಹೊಸ್ತಿಲು ತುಳಿದೆ. 1998ರಲ್ಲಿ ಮಗ ಹುಟ್ಟಿದ. ಮಗಳು ಈಗ ಪುಣೆಯಲ್ಲಿ ಸಂಸಾರ ಹೂಡಿದ್ದಾಳೆ, ಮಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ.

ಊರಿನವರ ಬಾಯಲ್ಲಿ ಮೊದಲನೆಯವರು ನನ್ನ ಸವತಿ. ನಾನು ಆ ಮಾತನ್ನು ಒಂದು ದಿನವೂ ಆಡಿದವಳಲ್ಲ. ನನಗೆ ಅವರು ಅಕ್ಕ. ಮುಖ ಕಂಡದ್ದು ಪಡಸಾಲೆಯ ಫೋಟೊದಲ್ಲಿ ಮಾತ್ರ. ಆದರೆ ಅವರು ಉಪ್ಪಿನಕಾಯಿ ಹಾಕುತ್ತಿದ್ದ ಭರಣಿಯಲ್ಲೇ ನಾನೂ ಉಪ್ಪಿನಕಾಯಿ ಹಾಕಿದ್ದೇನೆ, ಅವರು ನೆಟ್ಟ ದುಂಡುಮಲ್ಲಿಗೆಗೆ ನೀರು ಹಾಕಿದ್ದೇನೆ. ಗಂಡ ಇರುವಾಗಲೇ ತೀರಿಹೋದ ಹೆಂಗಸರನ್ನು ನೆನೆಯುವ ಭಾದ್ರಪದದ ಅವಿಧವಾ ನವಮಿಯಂದು 29 ಸಲ ಮುತ್ತೈದೆಯೊಬ್ಬರನ್ನು ಕರೆದು, ಅಕ್ಕನ ಹೆಸರಿನಲ್ಲಿ ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ ಕೊಟ್ಟು ಉಡಿ ತುಂಬಿದ್ದೇನೆ. ಅಕ್ಕನಿಗೆ ಕೋಸಂಬರಿಯಲ್ಲಿ ಹಸಿಶುಂಠಿ ಇರಲೇಬೇಕಿತ್ತಂತೆ. ನನಗೆ ಶುಂಠಿ ಸೇರುವುದಿಲ್ಲ, ಆದರೂ ಆ ದಿನ ಹಾಕುತ್ತಿದ್ದೆ. ಯಜಮಾನರೇ ಹೋದ ಮೇಲೆ ಇನ್ನು ಅವಿಧವಾ ನವಮಿ ಇಲ್ಲ ಎಂದು ಪುರೋಹಿತರು ಹೇಳಿದರು. ಅವರು ಸಹಜವಾಗಿಯೇ ಹೇಳಿದರು. ಆ ಮಾತು ಕೇಳಿದಾಗ ನನ್ನಿಂದ ಇನ್ನೊಬ್ಬರನ್ನೂ ಕರೆದುಕೊಂಡು ಹೋದಂತೆ ಆಯಿತು.

ಜಗಳ ಶುರುವಾದದ್ದು ವೈಕುಂಠ ಸಮಾರಾಧನೆಯ ಮರುದಿನ. ಅಟ್ಟದ ಮೇಲೆ ಅಕ್ಕನ ಹಸಿರು ಟ್ರಂಕು ಇತ್ತು. ಬೀಗದ ಕೈಯನ್ನು ಮಗಳ ಕೈಗೆ ಕೊಟ್ಟವಳು ನಾನೇ. "ನಿಮ್ಮ ಅವ್ವನದು, ನೀನೇ ತೆಗೆದು ನೋಡು" ಎಂದೆ. ಹಾಡಿನ ಎರಡು ನೋಟುಬುಕ್ಕು, ಬೆಳ್ಳಿಯ ಕುಂಕುಮದ ಭರಣಿ, ಮದುವೆಯ ಧಾರೆ ಸೀರೆ, ಮಗಳ ಜಾವಳದ ದಿನದ ಲಂಗ, ಎಲ್ಲವನ್ನೂ ಅವಳು ಒಂದೊಂದಾಗಿ ಹೊರಗಿಟ್ಟಳು. ಕೊನೆಯಲ್ಲಿ ತಳದಿಂದ ಚಂದ್ರಕಾಳಿ ಬಂತು. ಕಪ್ಪು ಇಳಕಲ್ಲು ಸೀರೆ, ಕೆಂಪು ರೇಷ್ಮೆಯ ಟೋಪ್ ತೆನಿ ಸೆರಗು. ಸೆರಗಿನ ಬದಿಯಲ್ಲಿ ಅಕ್ಕ ಕಸೂತಿ ಹಾಕುತ್ತಿದ್ದರು. ತುಳಸಿ ಕಟ್ಟೆ, ಅಂಬಾರಿ ಹೊತ್ತ ಆನೆ, ತೇರು ಮುಗಿದಿದ್ದವು. ಗೋಪುರದ ಬಲ ಮಗ್ಗುಲು ಹಾಕುವಾಗ ಜ್ವರ ಬಂದು ಮಲಗಿದರು. ಮತ್ತೆ ಏಳಲಿಲ್ಲ.

1998ರಲ್ಲಿ ಮಗ ಹೊಟ್ಟೆಯಲ್ಲಿದ್ದಾಗ ಡಾಕ್ಟರು ನನಗೆ ಎರಡು ತಿಂಗಳು ಓಡಾಡಬೇಡ ಎಂದಿದ್ದರು. ಆಗ ಅತ್ತೆಯವರು ಬಟ್ಟೆಗೆ ಬಿಸಿಲು ತೋರಿಸಲೆಂದು ಆ ಟ್ರಂಕನ್ನು ಇಳಿಸಿದರು. ಸೀರೆಯಲ್ಲಿ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು. ಐದು ವರ್ಷದಲ್ಲಿ ಅದಕ್ಕೆ ತುಕ್ಕು ಹಿಡಿದು ನೂಲಿಗೆ ಕಲೆಯಾಗಿತ್ತು. ನನಗೆ ಕಸೂತಿ ತವರಿನಲ್ಲೇ ಬಂದಿದೆ. ಅತ್ತೆ "ಪಾಪ, ಮುಗಿಸಬೇಕೆಂದು ಬಹಳ ಆಸೆಪಟ್ಟಿದ್ದಳು" ಎಂದರು. ಯಜಮಾನರು ಏನೂ ಹೇಳಲಿಲ್ಲ. ನಾನು ಆ ಸೂಜಿಯನ್ನು ಬಿಡಿಸಿ, ದಾರದ ತುದಿಯನ್ನು ಎರಡು ಬೆರಳಷ್ಟು ಬಿಟ್ಟು ಕತ್ತರಿಸಿ ಹೊಲಿಗೆಯೊಳಗೆ ಸೇರಿಸಿ, ಬೇರೆ ಸೂಜಿಯಿಂದ ಗೋಪುರವನ್ನು ಮುಗಿಸಿದೆ. ನಲವತ್ತು ದಿನ ಹಿಡಿಯಿತು. ಕಳಸ ಹಾಕಿದ ದಿನ ಅಕ್ಕನ ಫೋಟೊದ ಮುಂದೆ ಸೀರೆಯಿಟ್ಟು ನಮಸ್ಕಾರ ಮಾಡಿ, ಮತ್ತೆ ಟ್ರಂಕಿಗೇ ಹಾಕಿದೆ. ಒಂದು ದಿನವೂ ನಾನು ಅದನ್ನು ಉಟ್ಟಿಲ್ಲ.

ಮಗಳು ಸೆರಗನ್ನು ಬಿಡಿಸಿದಳು, ಗೋಪುರದ ಮೇಲೆ ಕೈಯಿಟ್ಟಳು. "ಇದಕ್ಕೆ ಕಳಸ ಇರಲಿಲ್ಲ" ಎಂದಳು. ಏಳು ವರ್ಷದ ಮಗುವಿಗೆ ಅಷ್ಟು ನೆನಪಿತ್ತು. ನಾನು ಹಾಕಿದೆ ಎಂದೆ. ಅವಳ ಬಣ್ಣವೇ ಬದಲಾಯಿತು. "ಅವ್ವನ ಕೊನೆಯ ಹೊಲಿಗೆ ಯಾವುದೆಂದು ನಾನು ಈಗ ಎಲ್ಲಿ ಹುಡುಕಲಿ? ಅದರ ಮೇಲೆಲ್ಲ ನೀವು ಹೊಲಿದಿದ್ದೀರಿ" ಎಂದಳು. ಇಪ್ಪತ್ತೊಂಬತ್ತು ವರ್ಷ ನನ್ನನ್ನು "ಚಿಕ್ಕಮ್ಮ, ನೀನು" ಎಂದು ಕರೆದವಳು ಆ ದಿನ "ನೀವು" ಎಂದಳು.

ಆಮೇಲೆ ಮಾತಿಗೆ ಮಾತು ಬೆಳೆಯಿತು. ನನ್ನ ಕೊರಳಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ಬೆಳ್ಳಿ ಬಿಲ್ಲೆಯೊಂದಿದೆ. ತೀರಿಹೋದ ಮೊದಲ ಹೆಂಡತಿಯ ಹೆಸರಿನಲ್ಲಿ ಬಿಲ್ಲೆ ಮಾಡಿಸಿ ಎರಡನೆಯವಳ ಕೊರಳಿಗೆ ಕಟ್ಟುವ ಪದ್ಧತಿ ನಮ್ಮ ಕಡೆ ಕೆಲವು ಮನೆಗಳಲ್ಲಿದೆ. ಅತ್ತೆ ಅದನ್ನು ಅಕ್ಕನ ಕಾಲಿನ ಗೆಜ್ಜೆ ಕರಗಿಸಿ ಮಾಡಿಸಿದ್ದರು. ಮಗಳು "ಅದೂ ಅವ್ವನ ಗೆಜ್ಜೆ" ಎಂದಳು. ಯಜಮಾನರ ಹತ್ತನೆಯ ದಿನ ನನ್ನ ಕರಿಮಣಿ ತೆಗೆಸುವಾಗ ಆ ಬಿಲ್ಲೆಯನ್ನೂ ತೆಗೆಸಿದ್ದರು. ರಾತ್ರಿ ನಾನು ಅದನ್ನು ಹುಡುಕಿ, ಬಿಳಿ ದಾರಕ್ಕೆ ಪೋಣಿಸಿ ಮತ್ತೆ ಕಟ್ಟಿಕೊಂಡಿದ್ದೆ. ಕೊರಳು ಖಾಲಿಯಾದದ್ದಕ್ಕಿಂತ ಆ ಬಿಲ್ಲೆ ಇಲ್ಲದ್ದೇ ನನಗೆ ತಡೆಯಲಾಗಿರಲಿಲ್ಲ. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಯಜಮಾನರ ಗಡಿಯಾರದ ವಿಷಯಕ್ಕೆ ಮಗಳು ಮತ್ತು ಮಗನ ನಡುವೆಯೂ ಮಾತು ಮುರಿಯಿತು. ಅದು ಕೀಲಿ ಕೊಡುವ ಎಚ್‌ಎಂಟಿ, 1984ರ ಮದುವೆಯಲ್ಲಿ ಅಕ್ಕನ ತವರಿನವರು ಅಳಿಯನಿಗೆ ಕೊಟ್ಟದ್ದು. ಕೊನೆಯ ಎರಡು ವರ್ಷ ಯಜಮಾನರ ಬೆರಳು ನಡುಗುತ್ತಿದ್ದಾಗ ವಾರದ ಕೊನೆಗೆ ಬಂದು ಅದಕ್ಕೆ ಕೀಲಿ ಕೊಟ್ಟವನು ಮಗ.

ಮಗಳು ಏನನ್ನೂ ಒಯ್ಯದೆ ಪುಣೆಗೆ ಹೋದಳು. ನಾಲ್ಕು ತಿಂಗಳಿಂದ ಫೋನಿಲ್ಲ. ಟ್ರಂಕು ಅವಳದು, ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಪ್ರಶ್ನೆ ಇಷ್ಟೇ. ನಾನು ಹಾಕಿದ ಹೊಲಿಗೆಯನ್ನು ಬಿಚ್ಚಿ, ಅಕ್ಕ ಬಿಟ್ಟಂತೆಯೇ ಮಾಡಿ ಅವಳಿಗೆ ಕೊಡಲೇ? ಬಿಚ್ಚಲು ಆಗುತ್ತದೆಯೇ? ಬಿಲ್ಲೆಯನ್ನೂ ಕೊಡಬೇಕೇ?

ಹಾವೇರಿ ಓದುಗ:

ತಾಯಿಯ ವಸ್ತು ಮಗಳದು. ಬಿಲ್ಲೆ, ಸೀರೆ, ಗಡಿಯಾರ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿ ಪುಣೆಗೆ ಕಳಿಸಿಬಿಡಿ. ವಸ್ತುವಿನ ಸಲುವಾಗಿ ಸಂಬಂಧ ಕಡಿದುಕೊಂಡ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಅಥವಾ ಸೀರೆಯ ಕಸೂತಿ ಇರುವ ಭಾಗವನ್ನು ಕತ್ತರಿಸಿ ಚೌಕಟ್ಟು ಹಾಕಿಸಿ ಇಬ್ಬರೂ ಮಕ್ಕಳಿಗೆ ಕೊಡಿ. ಉಳಿದದ್ದು ಕೌದಿಗಾಗುತ್ತದೆ.

ಮಾಳಮಡ್ಡಿ ಮನೆ:

ಸೀರೆಗೆ ಕತ್ತರಿ ಹಾಕುವ ಮಾತು ಬೇಡ. ನನ್ನ ಹಳೆಯ ಸೀರೆಗಳು ಎಷ್ಟೋ ಕೌದಿಯಾಗಿವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಚಂದ್ರಕಾಳಿಗೆ ಕತ್ತರಿ ಬಿದ್ದರೆ ನಾನು ಈ ಮನೆಯಲ್ಲಿ ಊಟ ಮಾಡಲಾರೆ. ಕಳಿಸಬೇಕು ಎಂಬುದು ನನಗೆ ಗೊತ್ತಿದೆ. ಯಾವ ಸ್ಥಿತಿಯಲ್ಲಿ ಕಳಿಸಬೇಕು ಎಂದು ಕೇಳುತ್ತಿದ್ದೇನೆ.

ಹಿರಿಮಗಳು:

ನಾನು ನಿಮ್ಮ ಮಗಳ ಜಾಗದಲ್ಲಿ ಬೆಳೆದವಳು, ಶಿವಮೊಗ್ಗ. ನನ್ನ ಅಮ್ಮ ಹೋದಾಗ ನನಗೆ ಒಂಬತ್ತು. ನಮ್ಮ ಮನೆಯಲ್ಲಿ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಅಮ್ಮನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಲಾಗಿತ್ತು. ನಾನು ಅಕ್ಷರ ಕಲಿತದ್ದೇ ಆ ಪಾತ್ರೆಗಳ ಮೇಲೆ ಬೆರಳಾಡಿಸಿ. ಚಿಕ್ಕಮ್ಮ ಬಂದ ಎರಡನೆಯ ವರ್ಷ, ಹಳೆಯ ಪಾತ್ರೆ ಕೊಟ್ಟರೆ ಹೊಸದು ಕೊಡುವವನು ಬೀದಿಗೆ ಬಂದಿದ್ದ. ಶಾಲೆಯಿಂದ ಬಂದಾಗ ಹದಿನಾಲ್ಕು ಪಾತ್ರೆ ಇರಲಿಲ್ಲ, ಅವುಗಳ ಜಾಗದಲ್ಲಿ ಹೊಳೆಯುವ ಒಂದು ಕುಕ್ಕರ್ ಇತ್ತು. ಅವರು ಕೆಟ್ಟವರಲ್ಲ. ಕುಕ್ಕರ್ ಬೇಕಾಗಿತ್ತು, ನಾವೇ ಅದರಲ್ಲಿ ಬೇಯಿಸಿದ್ದನ್ನು ಉಂಡೆವು. ಒಂದು ಲೋಟ ಮಾತ್ರ ನಾನು ಪುಸ್ತಕದ ಚೀಲದಲ್ಲಿ ಒಯ್ದಿದ್ದರಿಂದ ಉಳಿಯಿತು. ಈಗಲೂ ನನ್ನ ಬಳಿ ಇದೆ.

ನಿಮ್ಮ ಬರಹ ಓದಿ ಕಣ್ಣು ತುಂಬಿತು, ಆದರೂ ಒಂದು ಮಾತು ಹೇಳುತ್ತೇನೆ, ನೋಯಬೇಡಿ. 1998ರಲ್ಲಿ ಆ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇದ್ದಳು. ನೀವು ಅತ್ತೆಯ ಮಾತು ಕೇಳಿದಿರಿ, ಗಂಡನ ಮುಖ ನೋಡಿದಿರಿ, ತೀರಿಹೋದವರ ಫೋಟೊಕ್ಕೂ ನಮಸ್ಕಾರ ಮಾಡಿದಿರಿ. ಪಕ್ಕದ ಕೋಣೆಯಲ್ಲಿದ್ದ ಹುಡುಗಿಯನ್ನು ಕೇಳಲಿಲ್ಲ. ನಲವತ್ತು ದಿನ ಅವಳ ಕಣ್ಣಿಗೆ ಬೀಳದಂತೆ ಹೊಲಿದಿರೇ? ಅಥವಾ ಅವಳು ಶಾಲೆಗೆ ಹೋದ ಮೇಲೆಯೇ? ನನಗೆ ಸಿಟ್ಟಿದ್ದದ್ದು ಪಾತ್ರೆ ಹೋದದ್ದಕ್ಕಲ್ಲ. ಕೊಡುವ ಮುಂಚೆ ಒಬ್ಬರೂ ನನ್ನ ಕಡೆ ತಿರುಗಲಿಲ್ಲವಲ್ಲ ಎಂಬುದಕ್ಕೆ.

ಮತ್ತೆ ಮಾತಾಡುವಾಗ ದಯವಿಟ್ಟು 29 ವರ್ಷದ ಅವಿಧವಾ ನವಮಿಯನ್ನು ಎತ್ತಬೇಡಿ. ನೀವು ಮಾಡಿದ್ದೆಲ್ಲವೂ ನಿಜ, ಆದರೆ ಆ ಹೊತ್ತಿನಲ್ಲಿ ಅದು ಲೆಕ್ಕ ಒಪ್ಪಿಸಿದಂತೆ ಕೇಳುತ್ತದೆ. ಅಂದು ಸೂಜಿ ಹೇಗಿತ್ತು, ದಾರ ಯಾವ ಬಣ್ಣ, ನೀವು ಎಲ್ಲಿ ಕುಳಿತಿದ್ದಿರಿ, ಅದನ್ನು ಹೇಳಿ. ಅವಳ ಅಮ್ಮನ ಕೈ ನಿಂತ ಜಾಗವನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವುದು ನೀವೊಬ್ಬರೇ.

ಗವಂತಿ:

ನಾನು ಮೂವತ್ತು ವರ್ಷಗಳಿಂದ ಧಾರವಾಡದಲ್ಲಿ ಹುಡುಗಿಯರಿಗೆ ಕಸೂತಿ ಕಲಿಸುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ, ಬಿಚ್ಚಬೇಡಿ. ಕಾರಣವನ್ನೂ ಹೇಳುತ್ತೇನೆ, ಏಕೆಂದರೆ ಇದು ಮಗಳಿಗೂ ತಿಳಿಯಬೇಕಾದ ಸಂಗತಿ.

ಗೋಪುರವನ್ನು ಸಾಮಾನ್ಯವಾಗಿ ಗವಂತಿ ಎಂಬ ಹೊಲಿಗೆಯಲ್ಲಿ ಹಾಕುತ್ತೇವೆ, ಮೆಟ್ಟಿಲುಗಳಿರುವಲ್ಲಿ ಮುರಗಿ ಎಂಬ ಅಂಕುಡೊಂಕಿನ ಹೊಲಿಗೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸಿ ಹಾಕುತ್ತೇವೆ. ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ದಾರ ಎರಡು ಸಲ ನಡೆಯುತ್ತದೆ. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಡುತ್ತಾ ಹೋಗುತ್ತದೆ, ಬರುವಾಗ ಆ ಬಿಟ್ಟ ಜಾಗಗಳನ್ನು ತುಂಬುತ್ತಾ ಬರುತ್ತದೆ. ಹಾಗಾಗಿಯೇ ಎರಡೂ ಬದಿ ಒಂದೇ ಥರ ಕಾಣುವುದು. ಈಗ ನೀವು ನೆನಪು ಮಾಡಿಕೊಂಡು ಹೇಳಿ: ಅಕ್ಕನ ಸೂಜಿ ನಿಂತಾಗ ಬಲ ಮಗ್ಗುಲಿನ ಗೆರೆ ಪೂರ್ತಿ ತುಂಬಿತ್ತೇ, ಅಥವಾ ಬಿಟ್ಟು ಬಿಟ್ಟು ಇತ್ತೇ?

ಬಿಟ್ಟು ಬಿಟ್ಟು ಇತ್ತು ಎಂದಾದರೆ ದಾರ ಹೋಗಿತ್ತು, ಹಿಂತಿರುಗಿರಲಿಲ್ಲ ಎಂದರ್ಥ. ಆಗ ಆ ಗೆರೆಯಲ್ಲಿ ಒಂದು ಹೊಲಿಗೆ ಅವರದು, ಮುಂದಿನದು ನಿಮ್ಮದು, ಮತ್ತೆ ಅವರದು, ಮತ್ತೆ ನಿಮ್ಮದು. ನಿಮ್ಮದನ್ನು ಬಿಚ್ಚಲು ಹೋದರೆ ಒಂದೇ ರಂಧ್ರದಲ್ಲಿ ಎರಡೂ ದಾರ ಹಾಯ್ದಿರುತ್ತವೆ. ನಿಮ್ಮ ದಾರ ಎಳೆದಾಗ ಅವರದೂ ಸಡಿಲುತ್ತದೆ. ಮೂವತ್ತು ವರ್ಷ ಮಡಚಿಟ್ಟ ಕಪ್ಪು ಹತ್ತಿ ನೂಲು ಅದನ್ನು ತಡೆಯುವುದೂ ಕಷ್ಟ. ಬಿಚ್ಚಿದ ಮೇಲೆ ಉಳಿಯುವುದು ಅಕ್ಕ ಬಿಟ್ಟ ಗೋಪುರವಲ್ಲ, ತೂತುಗಳ ಸಾಲು.

ಆದರೆ ಕೊನೆಯ ಹೊಲಿಗೆ ಸಿಗುವುದಿಲ್ಲ ಎಂದು ಮಗಳು ಅಂದುಕೊಂಡಿರುವುದು ನಿಜವಲ್ಲ, ಅದು ಸಿಗುತ್ತದೆ. ದಾರದ ತುದಿಯನ್ನು ಎರಡು ಬೆರಳಷ್ಟು ಬಿಟ್ಟು ಒಳಗೆ ಸೇರಿಸಿದೆ ಎಂದು ನೀವೇ ಬರೆದಿದ್ದೀರಿ. ಆ ಜಾಗದಲ್ಲಿ ಹೊಲಿಗೆ ತುಸು ದಪ್ಪವಾಗಿರುತ್ತದೆ. ಬೆಳಗಿನ ಬಿಸಿಲು ಅಡ್ಡಲಾಗಿ ಬೀಳುವ ಕಡೆ ಸೆರಗನ್ನು ಚಪ್ಪಟೆಯಾಗಿ ಹರಡಿ, ಕೈತೊಳೆದು ಒರೆಸಿಕೊಂಡು, ಬೆರಳ ತುದಿಯಿಂದ ನಿಧಾನವಾಗಿ ಸವರಿ. ತುಕ್ಕಿನ ಕಲೆ ಅಲ್ಲೇ ಹತ್ತಿರದಲ್ಲಿರಬೇಕು. ಒಂದೇ ಬಣ್ಣವೆಂದು ತಂದ ದಾರವೂ ಬೇರೆ ಬೇರೆ ಸಲದ ಬಣ್ಣದ್ದಾದರೆ ಬಿಸಿಲಲ್ಲಿ ಬೇರೆಯಾಗಿ ತೋರುತ್ತದೆ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಹೊಲಿಯುವವರ ಕೈಯ ಬಿಗಿ ಕೂಡ ಬೇರೆ ಬೇರೆ. ಕಲಿಸುವಾಗ ನಾನು ಹುಡುಗಿಯರ ಹೆಸರು ನೋಡದೆ ಬಟ್ಟೆ ನೋಡಿಯೇ ಇದು ಯಾರದೆಂದು ಹೇಳುತ್ತೇನೆ.

ಸಿಕ್ಕಿದ ಮೇಲೆ ಪೆನ್ನಿನ ಗುರುತು ಹಾಕಬೇಡಿ, ಪಿನ್ನು ಚುಚ್ಚಬೇಡಿ. ಅಂಚಿನಿಂದ ಎಷ್ಟು ಎಳೆ, ಸೆರಗಿನಿಂದ ಎಷ್ಟು ಎಳೆ ಎಂದು ಎಣಿಸಿ ಕಾಗದದ ಮೇಲೆ ಬರೆದಿಡಿ. ಸೀರೆಯನ್ನು ಮತ್ತೆ ಹಳೆಯ ಮಡಿಕೆಯಲ್ಲೇ ಮಡಚಬೇಡಿ, ಗೆರೆಯಲ್ಲಿ ನೂಲು ಮುರಿಯುತ್ತದೆ. ಒಗೆದು ಮೆತ್ತಗಾದ ಬಿಳಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆಯನ್ನು ಬಟ್ಟೆಗೆ ತಾಗಿಸಬೇಡಿ.

ಒಂದು ಕೇಳಬೇಕು. ಆ ಸೂಜಿ ಏನಾಯಿತು?

ಬೆಳಗಾವಿ ವಕೀಲ:

ಕೋರ್ಟಿಗೆ ಹೋಗಿ ಎಂದು ಹೇಳಲು ಬರೆಯುತ್ತಿಲ್ಲ. ಯಾವುದು ಯಾರದ್ದು ಎಂಬ ಗೊಂದಲ ಎಲ್ಲರಲ್ಲೂ ಇದೆ, ಕಾನೂನು ಏನೆನ್ನುತ್ತದೆ ಎಂದು ತಿಳಿದಿದ್ದರೆ ಮಾತಾಡುವಾಗ ಧೈರ್ಯವಿರುತ್ತದೆ.

"ತಾಯಿಯ ವಸ್ತು ಮಗಳದು" ಎಂಬುದು ಜನರ ಮಾತು, ಕಾನೂನಿನ ಮಾತು ಪೂರ್ತಿ ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 15ನೆಯ ಕಲಮಿನ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಹೆಂಗಸಿನ ಸ್ವತ್ತು ಮೊದಲು ಆಕೆಯ ಮಕ್ಕಳು ಮತ್ತು ಗಂಡನಿಗೆ ಸಮನಾಗಿ ಹೋಗುತ್ತದೆ. ಅಂದರೆ 1993ರಲ್ಲೇ ಟ್ರಂಕಿನ ಅರ್ಧ ಮಗಳದಾಯಿತು, ಅರ್ಧ ಯಜಮಾನರದಾಯಿತು. ಯಜಮಾನರೂ ಉಯಿಲು ಬರೆದಿಲ್ಲವಾದರೆ ಅವರ ಅರ್ಧ ಈಗ ನಿಮಗೆ, ಮಗಳಿಗೆ, ಮಗನಿಗೆ ಸಮನಾಗಿ ಬರುತ್ತದೆ. ಅವರ ತಾಯಿ ಈಗಿಲ್ಲ ಎಂದುಕೊಂಡಿದ್ದೇನೆ, ಇದ್ದರೆ ಅವರಿಗೂ ಪಾಲಿದೆ. ಒಟ್ಟು ಆರು ಪಾಲು ಮಾಡಿದರೆ ನಾಲ್ಕು ಮಗಳದು, ಒಂದು ನಿಮ್ಮದು, ಒಂದು ಮಗನದು. ಸೀರೆಯನ್ನು ಯಾರೂ ಹೀಗೆ ಅಳೆಯುವುದಿಲ್ಲ. ಆದರೆ ನೀವು ಅದನ್ನು ಕೊಡುವಾಗ ಕದ್ದದ್ದನ್ನು ಹಿಂತಿರುಗಿಸುತ್ತಿಲ್ಲ, ನಿಮ್ಮ ಪಾಲನ್ನೂ ಸೇರಿಸಿ ಕೊಡುತ್ತಿದ್ದೀರಿ ಎಂಬುದು ತಿಳಿದಿರಲಿ.

ಗಡಿಯಾರ ಅಕ್ಕನ ತವರಿನಿಂದ ಬಂದಿದ್ದರೂ ಅಳಿಯನಿಗೆ ಕೊಟ್ಟ ಉಡುಗೊರೆ, ಆದ್ದರಿಂದ ಅವರದು. ಈಗ ಮೂವರಿಗೂ ಸಮ ಪಾಲು.

ಬಿಲ್ಲೆ ಸ್ವಲ್ಪ ಕಷ್ಟದ್ದು. ಮದುವೆಯಲ್ಲಿ ನಿಮ್ಮ ಕೊರಳಿಗೆ ಕಟ್ಟಿದ್ದು ನಿಮ್ಮ ಸ್ತ್ರೀಧನ. ಸ್ತ್ರೀಧನಕ್ಕೆ ಹೆಂಡತಿಯೇ ಪೂರ್ಣ ಒಡತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಕರಗಿಸಿದ ಗೆಜ್ಜೆಯಲ್ಲಿ ಮಗಳ ಅರ್ಧ ಪಾಲು ಇತ್ತಲ್ಲ, ಒಂಬತ್ತು ವರ್ಷದ ಮಗುವಿನ ಪಾಲನ್ನು ಅತ್ತೆಯವರು ಹೇಗೆ ಕೊಟ್ಟರು ಎಂಬ ಪ್ರಶ್ನೆ ಉಳಿಯುತ್ತದೆ. ಇಷ್ಟು ವರ್ಷಗಳ ಮೇಲೆ ಯಾವ ಕೋರ್ಟಿನಲ್ಲೂ ಅದು ನಿಲ್ಲಲಾರದು. ಆದರೂ ಮಗಳ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ.

ಮುಖ್ಯವಾದದ್ದು ಇನ್ನೊಂದಿದೆ, ಇದನ್ನು ಮಲಕುಟುಂಬಗಳಲ್ಲಿ ಬಹಳ ಜನ ಅರಿತಿರುವುದಿಲ್ಲ. ನೀವು ಉಯಿಲು ಬರೆಯದೆ ಹೋದರೆ ನಿಮ್ಮದೆಲ್ಲ ನಿಮ್ಮ ಹೊಟ್ಟೆಯ ಮಗನಿಗೆ ಹೋಗುತ್ತದೆ. ಗಂಡನ ಮೊದಲ ಹೆಂಡತಿಯ ಮಕ್ಕಳು ಆ ಕಲಮಿನ "ಮಕ್ಕಳು" ಎಂಬ ಪದದೊಳಗೆ ಬರುವುದಿಲ್ಲ, 1987ರಲ್ಲಿ ಸುಪ್ರೀಂ ಕೋರ್ಟ್ ಮಲಮಗನ ವಿಷಯದಲ್ಲಿ ಹಾಗೆಯೇ ತೀರ್ಪು ಕೊಟ್ಟಿದೆ. ಅವಳ ಒಂಬತ್ತನೆಯ ವಯಸ್ಸಿನಿಂದ ನೀವೇ ಸಾಕಿದ ಮಗಳಾದರೂ ಅಷ್ಟೇ. ನಿಮ್ಮ ನಂತರ ಬಿಲ್ಲೆ ಅವಳಿಗೆ ಸೇರಬೇಕು ಎಂದಿದ್ದರೆ ಒಂದು ಬಿಳಿ ಹಾಳೆಯಲ್ಲಿ ಉಯಿಲು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ಅವರಿಂದಲೂ ಸಹಿ ಹಾಕಿಸಿ. ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆ ಸಾಕ್ಷಿಗಳು ಉಯಿಲಿನಿಂದ ಲಾಭ ಪಡೆಯದವರಾಗಿದ್ದರೆ ಒಳ್ಳೆಯದು.

ಮಾಳಮಡ್ಡಿ ಮನೆ (ಮೂರು ವಾರಗಳ ನಂತರ):

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಿರಿಮಗಳು ಬರೆದದ್ದನ್ನು ಓದಿ ಎರಡು ದಿನ ಏನೂ ಮಾಡಲಾಗಲಿಲ್ಲ. ಹೌದು, ನಾನು ಅವಳು ಶಾಲೆಗೆ ಹೋದ ಮೇಲೆಯೇ ಹೊಲಿಯುತ್ತಿದ್ದೆ. ನಾಲ್ಕು ಗಂಟೆಗೆ ಸೀರೆ ಮಡಚಿ ದಿಂಬಿನ ಕೆಳಗೆ ಇಡುತ್ತಿದ್ದೆ. ಅವಳಿಗೆ ಅವ್ವನ ನೆನಪಾಗಿ ಅಳಬಾರದು ಎಂದು ಹಾಗೆ ಮಾಡಿದೆ ಎಂದೇ ಇಷ್ಟು ವರ್ಷ ನಂಬಿದ್ದೆ. ಈಗ ಯೋಚಿಸಿದರೆ, ಅವಳು ಬೇಡ ಎಂದುಬಿಟ್ಟಾಳು ಎಂಬ ಭಯವೂ ಇತ್ತು. ನನಗೆ ಆ ಗೋಪುರ ಮುಗಿಸಬೇಕಿತ್ತು. ಅಕ್ಕನ ಮನೆಯಲ್ಲಿ ನನ್ನ ಕೈಯದ್ದೂ ಒಂದಿಷ್ಟು ಸೇರಲಿ ಎಂದಿತ್ತು.

ಗವಂತಿಯವರು ಹೇಳಿದಂತೆ ಕಟ್ಟೆಯ ಮೇಲೆ ಬೆಳಗಿನ ಬಿಸಿಲಿಗೆ ಪಂಚೆ ಹಾಸಿ ಸೆರಗನ್ನು ಹರಡಿದೆ. ಬಲ ಮಗ್ಗುಲಿನ ಹೊರಗಿನ ಗೆರೆಗಳಲ್ಲಿ ಅಕ್ಕನ ದಾರ ಹೋಗಿತ್ತು, ಬಂದಿರಲಿಲ್ಲ. ನನಗೆ ನೆನಪಿತ್ತು, ಭೂತಗನ್ನಡಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಯಿತು. ಅವರ ಕಿತ್ತಳೆ ದಾರ ತುಸು ಕಂದಿದೆ, ನನ್ನದು ಇನ್ನೂ ಕೆಂಪಗಿದೆ. ನನ್ನ ಹೊಲಿಗೆ ಬಿಗಿ. ಅಕ್ಕನದು ಸಡಿಲವೆಂದಲ್ಲ, ಮೆತ್ತಗೆ ಕೂತಿದೆ. ಮೂರನೆಯ ಅಂತಸ್ತಿನ ಮೇಲೆ ಬೆರಳಿಗೆ ದಪ್ಪ ತಾಗಿತು. ಅಂಚಿನಿಂದ ಎಳೆ ಎಣಿಸಲು ಹೋಗಿ ಕಣ್ಣು ಮಂಜಾಗಿ ನಾಲ್ಕು ಸಲ ತಪ್ಪಿತು. ಆ ಶನಿವಾರ ಮಗ ಬಂದು ಕೂತು ಎಣಿಸಿ ಕೊಟ್ಟ. ಅವನಿಗೂ ಅಂದೇ ಇದೆಲ್ಲವನ್ನೂ ಮೊದಲ ಸಲ ಹೇಳಿದೆ.

ಅವನೇ ಪುಣೆಯಲ್ಲಿರುವ ತನ್ನ ಅಕ್ಕನಿಗೆ ಫೋನು ಮಾಡಿದ. ಗಡಿಯಾರದ ಮಾತು ಅವರಿಬ್ಬರಲ್ಲಿ ಏನಾಯಿತೋ ನನಗೆ ಪೂರ್ತಿ ಗೊತ್ತಿಲ್ಲ, ಸದ್ಯಕ್ಕೆ ಅವನ ಕೈಯಲ್ಲಿದೆ. ಆಮೇಲೆ ವಿಡಿಯೊದಲ್ಲಿ ಅವಳಿಗೆ ಸೆರಗು ತೋರಿಸಿದೆ. ನವಮಿಯ ಮಾತು ಎತ್ತಲಿಲ್ಲ. ಒಂದು ಹೊಲಿಗೆ ಅವ್ವನದು, ಒಂದು ನನ್ನದು, ಇಲ್ಲಿ ಅವ್ವನ ಕೈ ನಿಂತಿದೆ, ಇಲ್ಲಿ ನಾನು ದಾರದ ತುದಿ ಸೇರಿಸಿದೆ ಎಂದೆ. ನಿನ್ನನ್ನು ಕೇಳದೆ ಮಾಡಿದೆ, ಕೇಳಬೇಕಿತ್ತು ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಪರದೆಯ ಮೇಲೆ ಅವಳ ಹಣೆ ಮಾತ್ರ ಕಾಣುತ್ತಿತ್ತು.

"ಅವತ್ತು ನಾನು ದಿಂಬಿನ ಕೆಳಗೆ ನೋಡಿದ್ದೆ" ಎಂದಳು.

ಅವಳಿಗೆ ಆಗಲೇ ಗೊತ್ತಿತ್ತು. ಹನ್ನೆರಡರ ಹುಡುಗಿ ನೋಡಿ, ಮತ್ತೆ ಹಾಗೆಯೇ ಇಟ್ಟು, ನಾನು ಕೊಟ್ಟ ಅವಲಕ್ಕಿ ತಿಂದು ಆಡಲು ಹೋಗಿದ್ದಾಳೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀವು ಬಚ್ಚಿಟ್ಟಿದ್ದಿರಲ್ಲ, ಕೇಳಬಾರದ್ದು ಅಂದುಕೊಂಡೆ" ಎಂದಳು. ಇದಕ್ಕೆ ನಾನು ಏನು ಹೇಳಲಿ? ಏನೂ ಹೇಳಲಾಗಲಿಲ್ಲ.

ಬಿಚ್ಚುವುದು ಬ್ಯಾಡ ಎಂದಳು. ಬಿಲ್ಲೆಯ ಬಗ್ಗೆ ನಾನೇ ಕೇಳಿದೆ, ಹತ್ತನೆಯ ದಿನದ ರಾತ್ರಿಯನ್ನೂ ಹೇಳಿದೆ. "ಅದನ್ನು ಈಗ ಬಿಡು" ಎಂದಳು. ಬಿಡಿ ಎನ್ನಲಿಲ್ಲ, ಬಿಡು ಎಂದಳು. ಬಾಯಿತಪ್ಪಿ ಬಂದದ್ದೂ ಇರಬಹುದು, ಮುಂದಿನ ಮಾತಿನಲ್ಲಿ ಮತ್ತೆ ನೀವು ಎಂದೇ ಇತ್ತು. ನಾನು ಉಯಿಲು ಬರೆದಿದ್ದೇನೆ, ಪಕ್ಕದ ಮನೆಯ ದಂಪತಿ ಸಾಕ್ಷಿ ಹಾಕಿದ್ದಾರೆ. ಅವಳಿಗೆ ಹೇಳಿಲ್ಲ. ಈ ಸಲ ಬಚ್ಚಿಡಲು ಅಲ್ಲ, ಅವಳು ಶ್ರಾವಣದಲ್ಲಿ ಬರುತ್ತಾಳೆ, ಎದುರಿಗೆ ಕೂರಿಸಿಕೊಂಡು ಓದಿ ಹೇಳುತ್ತೇನೆ.

ಫೋನಿಡುವ ಮುಂಚೆ ಅವಳು ಕೇಳಿದ್ದು ಗವಂತಿಯವರು ಕೇಳಿದ್ದನ್ನೇ. "ಸೂಜಿ ಎಲ್ಲಿದೆ?" ಎಸೆಯಲು ಮನಸ್ಸಾಗದೆ ನಾನು ಅದನ್ನು ದೇವರ ಕೋಣೆಯಲ್ಲಿ ನನ್ನ ಕುಂಕುಮದ ಕರಡಿಗೆಯಲ್ಲಿ ಇಟ್ಟಿದ್ದೆ. 26 ವರ್ಷಗಳಿಂದ ಅಲ್ಲೇ ಇದೆ. ಕಣ್ಣಿನಲ್ಲಿ ಅಕ್ಕನ ದಾರ ಇನ್ನೂ ಇದೆ, ಒಂದು ಗೇಣಿನಷ್ಟು, ಕುಂಕುಮ ಹತ್ತಿ ಕೆಂಪಾಗಿದೆ. ಟ್ರಂಕಿನಲ್ಲಿ ಬೇರೆ ಏನು ಬೇಕು ಎಂದು ನಂತರ ನೋಡುತ್ತಾಳಂತೆ, ಮೊದಲು ಅದು ಬೇಕಂತೆ. ಅಂಚೆಯಲ್ಲಿ ಬೇಡ, ತಾನೇ ಬಂದು ಒಯ್ಯುತ್ತೇನೆ ಎಂದಳು. ಅಲ್ಲಿಯವರೆಗೆ ಅದು ಮುರಿಯದಂತೆ ಹೇಗೆ ಇಡಲಿ? ಮುಟ್ಟಿದರೆ ತುಕ್ಕು ಬೆರಳಿಗೆ ಉದುರುತ್ತಿದೆ. ಎಣ್ಣೆ ಹಚ್ಚಬಹುದೇ?

ಗವಂತಿ:

ಎಣ್ಣೆ ಬೇಡ, ದಾರಕ್ಕೆ ಹೀರಿಕೊಂಡು ಜಿಡ್ಡಾಗುತ್ತದೆ. ತುಕ್ಕು ಉಜ್ಜಬೇಡಿ, ದಾರವನ್ನು ಸೂಜಿಯ ಕಣ್ಣಿನಿಂದ ತೆಗೆಯಬೇಡಿ, ಕುಂಕುಮ ತೊಳೆಯಲೂ ಹೋಗಬೇಡಿ. ಇವತ್ತೇ ಕರಡಿಗೆಯಿಂದ ಹೊರತೆಗೆಯಿರಿ, ಮಳೆಗಾಲದಲ್ಲಿ ಕುಂಕುಮ ತೇವ ಹಿಡಿಯುತ್ತದೆ. ಒಣಗಿದ ಬಿಳಿ ಕಾಗದವನ್ನು ಮಡಚಿ ಅದರ ನಡುವೆ ಮಲಗಿಸಿ, ದಾರವನ್ನು ಸೂಜಿಗೆ ಸುತ್ತದೆ ಪಕ್ಕದಲ್ಲಿ ಹಗುರಾಗಿ ಬಾಗಿಸಿಡಿ. ಅದನ್ನು ಮುಚ್ಚಳ ಬಿಗಿಯಾಗಿ ಕೂಡುವ ಗಾಜಿನ ಬಾಟಲಿಯಲ್ಲಿಟ್ಟು, ಔಷಧಿ ಡಬ್ಬಿಗಳಲ್ಲಿ ತೇವ ಹೀರಲು ಹಾಕಿರುತ್ತಾರಲ್ಲ, ಅಂತಹ ಸಣ್ಣ ಪೊಟ್ಟಣ ಎರಡು ಹಾಕಿ. ಮೇಲೆ ಚೀಟಿ ಅಂಟಿಸಿ, ಮನೆಗೆಲಸದವರು ಖಾಲಿ ಬಾಟಲಿ ಎಂದು ತೊಳೆದುಬಿಟ್ಟಾರು.

ಶ್ರಾವಣದಲ್ಲಿ ಮಗಳು ಬಂದಾಗ ಅವಳಿಗೆ ಕಸೂತಿ ಬರುತ್ತದೆಯೇ ಎಂದು ಕೇಳಿ ನೋಡಿ. ಬರದಿದ್ದರೆ ನನ್ನ ಮನೆ ಸಪ್ತಾಪುರದಲ್ಲಿದೆ, ಇಬ್ಬರೂ ಬನ್ನಿ.